ಬದರೀನಾರಾಯಣ ಮೇಷ್ಟ್ರು ಕಾರಿಗೆ ರೆಕ್ಕೆ ಕಟ್ಟಿದ್ದು

ನಂಜನಗೂಡಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಪಾಠ ಹೇಳುತ್ತಿದ್ದ ಬದರೀನಾರಾಯಣ ಮೇಷ್ಟ್ರಿಗೆ ವೇಗ ಅಂದರೆ ಆಗುತ್ತಿರಲಿಲ್ಲ. ಸೈಕಲ್ಲಿತ್ತು, ಆದರೆ ಇಳಿಜಾರು ಬಂದರೆ ಇಳಿದು ತಳ್ಳಿಕೊಂಡು ಹೋಗುತ್ತಿದ್ದರು. ಏರಿನಲ್ಲಿ ಇಳಿದು ತಳ್ಳುವವರು ಎಲ್ಲ ಊರಲ್ಲೂ ಇದ್ದಾರೆ. ಇಳಿಜಾರಿನಲ್ಲಿ ತಳ್ಳುವವರು ತಾಲ್ಲೂಕಿಗೆಲ್ಲ ಇವರೊಬ್ಬರೇ. ಟಿ. ನರಸೀಪುರದಲ್ಲಿದ್ದ ಅಪ್ಪನನ್ನು ನೋಡಲು ತಿಂಗಳಿಗೊಮ್ಮೆ ಬಸ್ಸು ಹತ್ತಿದರೆ, ಡ್ರೈವರ್ ಹಿಂದಿನ ಸೀಟಿನಲ್ಲೇ ಕೂತು "ನಿಧಾನಪ್ಪಾ, ಸ್ವಲ್ಪ ನಿಧಾನ" ಎಂದು ಜಪ ಮಾಡುತ್ತಿದ್ದರು. ಆ ರೂಟಿನ ಡ್ರೈವರುಗಳು ಇವರ ಕೊಡೆ ಕಂಡ ಕೂಡಲೇ ಹಿಂದಿನ ಬಾಗಿಲು ತೋರಿಸುತ್ತಿದ್ದರು.

ಇಂಥವರ ಮನೆ ಬಾಗಿಲಿಗೆ 1978ರ ಅಕ್ಟೋಬರಿನಲ್ಲಿ ರೇಸ್ ಕಾರೊಂದರ ಕಷ್ಟಸುಖ ಬಂತು.

ಕಾರು ಹೆಮ್ಮರಗಾಲದ ಚಿಕ್ಕಸ್ವಾಮಿಯದು. ಗದ್ದೆ ಹೊಲ ಬೇಕಾದಷ್ಟಿದ್ದ ಮನೆಯ ಒಬ್ಬನೇ ಮಗ. ನಂಜನಗೂಡಿನ ಹೊರಗೆ ಲಾರಿ ರಿಪೇರಿಯ ಶೆಡ್ಡು ಇಟ್ಟುಕೊಂಡಿದ್ದ. ಒಂದು ಸಲ ಮದರಾಸಿಗೆ ಅಕ್ಕಿ ಲೋಡು ಹಾಕಿಕೊಂಡು ಹೋದವನು, ಶೋಲಾವರಂನ ಹಳೇ ವಿಮಾನದ ರನ್‌ವೇ ಮೇಲೆ ಕಾರ್ ರೇಸು ನಡೆಯುವುದನ್ನು ಕಂಡು, ಲಾರಿಯನ್ನು ಎರಡು ದಿನ ಅಲ್ಲೇ ನಿಲ್ಲಿಸಿಕೊಂಡು ಕೂತುಬಿಟ್ಟ. ಊರಿಗೆ ಬಂದವನೇ ಹಳೆಯ ಹೆರಾಲ್ಡ್ ಕಾರೊಂದರ ಎಂಜಿನ್ ಬಿಚ್ಚಿ, ಕಬ್ಬಿಣದ ಕೊಳವೆ ಬೆಸೆದು, ಮೇಲೆ ಮುಚ್ಚಳವಿಲ್ಲದ, ಒಬ್ಬನೇ ಕೂರುವ, ನಾಲ್ಕು ಚಕ್ರವೂ ಹೊರಗೆ ಕಾಣುವ ಕಾರೊಂದನ್ನು ಕಟ್ಟಿದ. ಅದಕ್ಕೆ ತಗಡು ಬಡಿದು ಮೈ ಮಾಡಿಕೊಟ್ಟವನು ಶಿವಸ್ವಾಮಿ. ಲಾರಿ ಬಾಡಿಯನ್ನೂ ಆಲೆಮನೆಯ ಕೊಪ್ಪರಿಗೆಯನ್ನೂ ಒಂದೇ ಸುತ್ತಿಗೆಯಲ್ಲಿ ತಿದ್ದುವ ಕೈ ಅವನದು. ಹಾಗಾಗಿ ಕಾರು ಮುಂದಿನಿಂದ ನೋಡಿದರೆ ಕೊಪ್ಪರಿಗೆಯಂತೆ, ಹಿಂದಿನಿಂದ ನೋಡಿದರೆ ಲಾರಿಯಂತೆ ಕಾಣುತ್ತಿತ್ತು.

ಆ ವರ್ಷ ಫೆಬ್ರವರಿಯ ರೇಸಿನಲ್ಲಿ ಚಿಕ್ಕಸ್ವಾಮಿ ಕಟ್ಟಕಡೆಯವನಾಗಿ ಬಂದ. ಅದೂ ತಿರುವಿನಲ್ಲಿ ಮೂರು ಸಲ ಬುಗುರಿಯಂತೆ ಸುತ್ತಿ. ಅಲ್ಲಿ ಪಕ್ಕದ ಶೆಡ್ಡಿನಲ್ಲಿದ್ದ ಮದರಾಸಿ ಮೆಕ್ಯಾನಿಕ್ ಒಬ್ಬ ಕಾರನ್ನು ಒಂದು ಸುತ್ತು ಹಾಕಿ ನೋಡಿ, "ಎಂಜಿನ್ ಇದೆ, ಬ್ರೇಕ್ ಇದೆ. ಏರೋಡೈನಾಮಿಕ್ಸ್ ಇಲ್ಲ" ಎಂದು ತಲೆ ಅಲ್ಲಾಡಿಸಿ ಹೋದ.

ಚಿಕ್ಕಸ್ವಾಮಿ ಅದನ್ನು ಚೀಟಿಯಲ್ಲಿ ಬರೆದುಕೊಂಡು ಮೈಸೂರಿಗೆ ಹೋಗಿ ಬಿಡಿಭಾಗದ ಅಂಗಡಿಗಳಲ್ಲೆಲ್ಲ ವಿಚಾರಿಸಿದ. ಒಬ್ಬ ಅಂಗಡಿಯವನು, "ಸ್ಟಾಕ್ ಮುಗಿದದೆ, ಮುಂದಿನ ವಾರ ಬಾ" ಅಂದ. ಇನ್ನೊಬ್ಬ, "ಎಡಗಡೇದು ಬೇಕಾ, ಬಲಗಡೇದಾ?" ಎಂದು ಕೇಳಿದ. ಮೂರನೆಯವನು ಪ್ರಾಮಾಣಿಕ. "ನಾನು ಅಂಥದ್ದು ಕೇಳೇ ಇಲ್ಲ. ಹೆಸರು ನೋಡಿದರೆ ಗಾಳಿ ವಿಷಯ ಇದ್ದಂಗದೆ, ಯಾರಾದರೂ ಓದಿದವರನ್ನ ಕೇಳು" ಎಂದ.

ಶಿವಸ್ವಾಮಿಯ ಮಗಳು ಮೇಷ್ಟ್ರ ಶಾಲೆಯಲ್ಲೇ ಒಂಬತ್ತನೆಯ ಕ್ಲಾಸಿನಲ್ಲಿದ್ದಳು. ಗಾಳಿಯ ಪಾಠದ ದಿನ ಮೇಷ್ಟ್ರು ಎರಡು ಹಾಳೆಗಳನ್ನು ಎದುರುಬದುರು ಹಿಡಿದು ನಡುವೆ ಊದಿ, ಅವು ದೂರ ಹೋಗುವ ಬದಲು ಒಂದಕ್ಕೊಂದು ಅಂಟಿಕೊಳ್ಳುವುದನ್ನು ತೋರಿಸಿದ್ದನ್ನು ಅವಳು ಮನೆಯಲ್ಲಿ ಹೇಳಿದ್ದಳು. ಆ ಪಾಠ ಎಷ್ಟು ಪ್ರಸಿದ್ಧವೆಂದರೆ ಶಾಲೆಯಲ್ಲಿ ಅವರ ಹೆಸರೇ ಗಾಳಿ ಮೇಷ್ಟ್ರು. ಹೀಗೆ ಒಂದು ಸಂಜೆ ಚಿಕ್ಕಸ್ವಾಮಿ ಮತ್ತು ಶಿವಸ್ವಾಮಿ ಬಾಳೆಗೊನೆಯೊಂದನ್ನು ಹೊತ್ತು ಮೇಷ್ಟ್ರ ಮನೆಗೆ ಬಂದರು.

ಬಾಗಿಲು ತೆರೆದ ಮೇಷ್ಟ್ರ ಹೆಂಡತಿ ಜಲಜಮ್ಮ ಗೊನೆಯನ್ನು ನೋಡಿ, "ಮಾರ್ಕ್ಸು ಕೇಳೋಕೆ ಬಂದಿದ್ದರೆ ಈಗಲೇ ವಾಪಸ್ ತಗೊಂಡು ಹೋಗಿ" ಎಂದರು.

"ಮಾರ್ಕ್ಸಲ್ಲ ಕಣ್ರವ್ವಾ, ಗಾಳಿ ಬೇಕಾಗಿತ್ತು" ಎಂದ ಚಿಕ್ಕಸ್ವಾಮಿ.

ಜಲಜಮ್ಮ ಒಳಗೆ ತಿರುಗಿ, "ಯಾರೋ ಗಾಳಿ ಹಿಡಿದವರು ಬಂದಿದ್ದಾರೆ ನೋಡಿ" ಎಂದು ಕೂಗಿದರು.

ಮೇಷ್ಟ್ರು ವಿಷಯವನ್ನೆಲ್ಲ ಕೇಳಿದರು. ನಲವತ್ತೊಂದು ವರ್ಷದ ಜೀವನದಲ್ಲಿ ಅವರ ಗಾಳಿಯ ಜ್ಞಾನವನ್ನು ಪರೀಕ್ಷೆಗಲ್ಲದೆ ಬೇರೆ ಯಾವುದಕ್ಕೂ ಯಾರೂ ಕೇಳಿರಲಿಲ್ಲ. ಎದೆ ಒಂದಿಷ್ಟು ಉಬ್ಬಿತು. "ಕಾಗದದ ಮೇಲೆ ಮಾತ್ರ ಹೇಳುತ್ತೇನೆ. ಕಾರಿನ ಹತ್ತಿರ ಬರೋಲ್ಲ" ಎಂದು ಷರತ್ತು ಹಾಕಿ ಒಪ್ಪಿಕೊಂಡರು. ಆ ಷರತ್ತು ನಾಲ್ಕು ದಿನ ನಿಂತಿತು.

ಐದನೆಯ ದಿನ ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ರೆಕ್ಕೆಯ ಚಿತ್ರ ಬರೆಯುತ್ತ ಕುಕ್ಕರುಗಾಲಲ್ಲಿ ಕೂತಿದ್ದರು. ಮುಂದೆ ಓಡುವ ಕಾರುಗಳಿಗೆಲ್ಲ ಹಿಂದುಗಡೆ ಹಲಗೆಯಂಥದ್ದೊಂದು ರೆಕ್ಕೆ ಇತ್ತು ಎಂದು ಚಿಕ್ಕಸ್ವಾಮಿ ನೆನಪಿಸಿಕೊಂಡಿದ್ದ. ಆದರೆ ಆ ಕಾರುಗಳು ಯಾವಾಗಲೂ ಅವನಿಗಿಂತ ತುಂಬ ಮುಂದೆ ಇದ್ದದ್ದರಿಂದ ಸರಿಯಾಗಿ ಕಂಡಿರಲಿಲ್ಲ. ಮೇಷ್ಟ್ರ ಪಠ್ಯಪುಸ್ತಕದಲ್ಲಿ ವಿಮಾನದ ರೆಕ್ಕೆಯ ಚಿತ್ರವಿತ್ತು: ಮೇಲೆ ಉಬ್ಬು, ಕೆಳಗೆ ಚಪ್ಪಟೆ. ಅದನ್ನೇ ದೊಡ್ಡದು ಮಾಡಿ ಬರೆದರು.

"ಗಾಳಿ ರೆಕ್ಕೆಯನ್ನ ಮೇಲೆತ್ತುತ್ತೆ" ಎಂದು ವಿವರಿಸಿದರು. "ಕಾರಿನ ಭಾರ ಕಮ್ಮಿ ಆಗುತ್ತೆ. ಭಾರ ಕಮ್ಮಿ ಆದರೆ ಎಂಜಿನ್‌ಗೆ ಸಲೀಸು, ಕಾರು ಹಗುರಾಗಿ ಓಡುತ್ತೆ."

"ಏನ್ ತಲೆ ಕಣ್ಲಾ!" ಎಂದು ಶಿವಸ್ವಾಮಿ ಚಿಕ್ಕಸ್ವಾಮಿಯ ಕಡೆ ನೋಡಿದ. ಮೂವರಿಗೂ ಅದು ಸರಿಯಾಗಿಯೇ ಕಂಡಿತು.

ಹಳೇ ಬಸ್ಸಿನ ಅಲ್ಯೂಮಿನಿಯಂ ತಗಡನ್ನು ಬಡಿದು ಶಿವಸ್ವಾಮಿ ರೆಕ್ಕೆ ಮಾಡಿದ. ತಗಡಿನ ಮೇಲೆ 'ಹೆಂಗಸರಿಗೆ' ಎಂದು ಬರೆದದ್ದು ಹಾಗೇ ಉಳಿದುಕೊಂಡಿತ್ತು. ಸುತ್ತೂರಿನ ಕಡೆ ಹೋಗುವ ದಾರಿಯಲ್ಲಿ ಕಾಲುವೆಯ ಪಕ್ಕ ಒಂದೂವರೆ ಮೈಲಿ ನೆಟ್ಟಗೆ ಹೋಗಿ, ಹುಣಸೆಮರದ ಹತ್ತಿರ ಬಳುಕುವ ಟಾರು ರಸ್ತೆಯಿತ್ತು. ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ಮೊದಲ ಬಸ್ಸು ಬರುವ ಮುಂಚೆ ಕಾರನ್ನು ಲಾರಿಯಲ್ಲಿ ಅಲ್ಲಿಗೆ ಸಾಗಿಸಿದರು. ಮೇಷ್ಟ್ರು ಮಂಕಿ ಟೋಪಿ, ಪಂಚೆ, ಕೈಯಲ್ಲಿ ನೋಟ್‌ಬುಕ್ಕು. ಹುಣಸೆಮರದಿಂದ ಮೂವತ್ತು ಮಾರು ದೂರದಲ್ಲಿ, ಕಾಲುವೆಯ ಆಚೆ ದಡದ ಮೇಲೆ ನಿಂತರು.

ಕಾರು ಬಂತು. ಬಂದದ್ದು ಮೇಷ್ಟ್ರಿಗೆ ಕಾಣಲಿಲ್ಲ, ಕಿವಿಗೆ ಕೇಳಿತು. ಆಮೇಲೆ ಹುಣಸೆಮರದ ಹತ್ತಿರ ಹಿಂಭಾಗ ಮುಂದೆ, ಮುಂಭಾಗ ಹಿಂದೆ ಆಗಿ, ಕುಯ್ದ ಗದ್ದೆಯ ಕೂಳೆಯೊಳಗೆ ಹೋಗಿ ನಿಂತದ್ದು ಮಾತ್ರ ಚೆನ್ನಾಗಿ ಕಂಡಿತು.

ಚಿಕ್ಕಸ್ವಾಮಿ ಕಾರಿನಿಂದಿಳಿದು ತಲೆಯ ಮೇಲಿನ ಹುಲ್ಲು ತೆಗೆಯುತ್ತ, "ಇಂದ್ಗಡೆ ಯಾರೋ ಬಾಲ ಇಡ್ದು ಎತ್ತಿದಂಗಾಯ್ತದೆ ಸಾ" ಎಂದ.

"ಎಷ್ಟು ಸ್ಪೀಡಿನಲ್ಲಿ?" ಎಂದು ಕೇಳಿ ಮೇಷ್ಟ್ರು ಬರೆದುಕೊಂಡರು. ರೆಕ್ಕೆ ಕೆಲಸ ಮಾಡುತ್ತಿದೆ ಎಂದು ಅವರಿಗೆ ಸಂತೋಷವೇ ಆಯಿತು. "ಸಾಲದು ಅನ್ನಿಸುತ್ತೆ. ಇನ್ನೂ ಸ್ವಲ್ಪ ದೊಡ್ಡದು ಮಾಡೋಣ."

ಮುಂದಿನ ಭಾನುವಾರ ಒಂದು ಮೊಳ ಅಗಲದ ರೆಕ್ಕೆ ಒಂದೂವರೆ ಮೊಳ ಆಯಿತು. ಚಿಕ್ಕಸ್ವಾಮಿ ಅದೇ ಗದ್ದೆಯೊಳಗೆ ಇನ್ನೂ ಹತ್ತು ಗಜ ಮುಂದೆ ಹೋದ. ಅದರ ಮುಂದಿನ ವಾರ ಎರಡು ಮೊಳ. ಈ ಸಲ ಗದ್ದೆಯ ಯಜಮಾನ ರಂಗನಾಯಕ ಬದುವಿನ ಮೇಲೆ ಕಾಯುತ್ತ ಕೂತಿದ್ದ. "ಎಂಗೂ ವಾರ್ವಾರ ಬತ್ತೀಯಲ್ಲ, ಇಂದ್ಗಡೆ ಒಂದು ನೇಗ್ಲು ಕಟ್ಕೊಂಡ್ ಬಾರಪ್ಪ" ಎಂದು ಚಿಕ್ಕಸ್ವಾಮಿಗೆ ಹೇಳಿದ.

ಮೂರು ಸಲ ಆದ ಮೇಲೆ ಮೇಷ್ಟ್ರಿಗೂ ಅನುಮಾನ ಬಂತು. ಕಾರಿನ ಮೇಲೆ ಗಾಳಿ ಎಲ್ಲೆಲ್ಲಿ ಹೇಗೆ ಹರಿಯುತ್ತದೆ ಎಂದು ಕಣ್ಣಿಗೆ ಕಾಣಬೇಕಲ್ಲ? ಉಣ್ಣೆಯ ಸಣ್ಣ ಸಣ್ಣ ಎಳೆಗಳನ್ನು ಮೈತುಂಬ ಅಂಟಿಸಿದರೆ, ಗಾಳಿ ನೆಟ್ಟಗೆ ಹರಿಯುವ ಕಡೆ ಎಳೆ ಮಲಗಿರುತ್ತದೆ, ಸುಳಿಯುವ ಕಡೆ ಒದ್ದಾಡುತ್ತದೆ ಎಂದು ಕಾಲೇಜಿನ ದಿನಗಳಲ್ಲಿ ಓದಿದ್ದು ನೆನಪಾಯಿತು. ಮನೆಯಲ್ಲಿ ಜಲಜಮ್ಮ ತಮ್ಮನ ಕೂಸಿಗೆ ಕೆಂಪು ಸ್ವೆಟರ್ ಹೆಣೆಯುತ್ತಿದ್ದರು. ಮೇಷ್ಟ್ರು ಒಂದು ಉಂಡೆಯನ್ನು ಶರ್ಟಿನೊಳಗೆ ಸೇರಿಸಿಕೊಂಡು ಹೊರಟರು.

ಜಲಜಮ್ಮನಿಗೆ ಗೊತ್ತಾಗಲು ಒಂದು ಗಂಟೆಯೂ ಬೇಕಾಗಲಿಲ್ಲ. ಉಂಡೆಯ ತುದಿ ಇನ್ನೂ ಸೂಜಿಯಲ್ಲಿತ್ತು. ದಾರ ಹಿಡಿದುಕೊಂಡೇ ಬೀದಿ ದಾಟಿ, ತಿರುವಿನವರೆಗೆ ಹೋಗಿ, ಅಲ್ಲಿ ಅದನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದ್ದನ್ನು ಕಂಡು ವಾಪಸ್ಸಾದರು. ಸಂಜೆ ಮೇಷ್ಟ್ರು ಮನೆಗೆ ಬಂದಾಗ ಸ್ವೆಟರಿಗೆ ಒಂದೇ ತೋಳಿತ್ತು. "ಕೂಸಿನ ಇನ್ನೊಂದು ಕೈಗೆ ಚಳಿ ಆಗೋಲ್ಲವಂತೆ" ಎಂದಷ್ಟೇ ಹೇಳಿ ಬಡಿಸಿದರು.

ಕೆಂಪು ಎಳೆಗಳನ್ನು ಮೈತುಂಬ ಅಂಟಿಸಿಕೊಂಡ ಕಾರು ಸಿಡುಬೆದ್ದ ಕೋಣನ ಹಾಗೆ ಕಾಣುತ್ತಿತ್ತು. ಅದು ಓಡಿತು. ಮೇಷ್ಟ್ರು ರಸ್ತೆ ಬದಿಯಲ್ಲಿ ಕಣ್ಣರಳಿಸಿ ನಿಂತಿದ್ದರು. "ಏನ್ ಕಾಣ್ತು ಸಾ?" ಎಂದು ಶಿವಸ್ವಾಮಿ ಕೇಳಿದ.

"ಕೆಂಪಗೆ ಏನೋ ಹೋಯಿತು" ಎಂದರು ಮೇಷ್ಟ್ರು.

ನಿಂತು ನೋಡಿದರೆ ಆಗುವುದಿಲ್ಲ, ಜೊತೆಯಲ್ಲೇ ಓಡಬೇಕು. ಶಿವಸ್ವಾಮಿಯ ಹತ್ತಿರ ಯೆಜ್ಡಿ ಮೋಟರ್ ಸೈಕಲ್ ಇತ್ತು. ಅದು ಅರವತ್ತು ಮೈಲಿಯವರೆಗೆ ಎಳೆಯುತ್ತಿತ್ತು. ಹಿಂದೆ ಕೂತು ನೋಡುವವರು ಬೇಕು. ಚಿಕ್ಕಸ್ವಾಮಿ ಕಾರಿನಲ್ಲಿ, ಶಿವಸ್ವಾಮಿ ಯೆಜ್ಡಿಯ ಮೇಲೆ. ಉಳಿದವರು ಯಾರೆಂದು ಮೂವರೂ ಲೆಕ್ಕ ಹಾಕಿದರು.

ಮೊದಲನೇ ಓಟದಲ್ಲಿ ಮೇಷ್ಟ್ರು ಶಿವಸ್ವಾಮಿಯ ಬೆನ್ನಿಗೆ ಮುಖ ಒತ್ತಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಎರಡನೆಯದರಲ್ಲಿ ಕಣ್ಣು ಬಿಟ್ಟರು, ಆದರೆ ಪಂಚೆಗೆ ಗಾಳಿ ಹೊಕ್ಕು ಬುಸ್ಸನೆ ಉಬ್ಬಿ ಇಬ್ಬರ ಮುಖವನ್ನೂ ಮುಚ್ಚಿತು. ಶಿವಸ್ವಾಮಿ ಕಾಲುವೆಯ ಏರಿಯ ಮೇಲೆ ಹೇಗೋ ನಿಲ್ಲಿಸಿದ. "ಸಾ, ಕಾರಿಗಿಂತ ಮೊದ್ಲು ನಿಮ್ಮ ಏರೋಡೈನಾಮಿಕ್ಸ್ ಸರಿ ಮಾಡ್ಬೇಕು" ಎಂದು ತನ್ನ ಖಾಕಿ ಚಡ್ಡಿಯೊಂದನ್ನು ಕೊಟ್ಟ. ಮೇಷ್ಟ್ರ ನಡುವಿಗೆ ಅದು ಎರಡು ಸುತ್ತು ಬರುತ್ತಿತ್ತು, ಹಗ್ಗ ಕಟ್ಟಿಕೊಂಡರು.

ಜನವರಿ ಮೊದಲ ಭಾನುವಾರ ಪ್ಲಗ್ಗು ಕೈಕೊಟ್ಟು, ಕಾರು ಸ್ಟಾರ್ಟ್ ಆಗುವ ಹೊತ್ತಿಗೆ ಒಂಬತ್ತಾಯಿತು. ಅಷ್ಟರಲ್ಲಿ ರೈತರು ರಸ್ತೆಯ ಮೇಲೆ ಹುರುಳಿ ಹರಡಿಬಿಟ್ಟಿದ್ದರು. ಹೋಗಿ ಬರುವ ಗಾಡಿಗಳ ಚಕ್ರದಲ್ಲೇ ಒಕ್ಕಣೆ ಆಗಲೆಂದು ಸುಗ್ಗಿಯ ದಿನಗಳಲ್ಲಿ ಹಾಗೆ ಮಾಡುವುದು ವಾಡಿಕೆ. ಚಿಕ್ಕಸ್ವಾಮಿ ಅದನ್ನು ನೋಡಿಯೂ ನಿಲ್ಲಿಸಲಿಲ್ಲ. ಕಾರು ಹುರುಳಿಯ ಹಾಸಿನೊಳಕ್ಕೆ ನುಗ್ಗಿತು. ಹೊಟ್ಟು ಎದ್ದಿತು. ಇಪ್ಪತ್ತು ಗಜ ಹಿಂದೆ ಯೆಜ್ಡಿಯ ಮೇಲಿದ್ದ ಮೇಷ್ಟ್ರಿಗೆ, ಹುಟ್ಟಿದಾಗಿನಿಂದ ಕಾಣದಿದ್ದ ಗಾಳಿ ಹಳದಿ ಬಣ್ಣ ಬಳಿದುಕೊಂಡು ಎದುರಿಗೆ ನಿಂತ ಹಾಗೆ ಕಂಡಿತು.

ಹೊಟ್ಟು ಕಾರಿನ ಮೂತಿಯನ್ನು ಹತ್ತಿ, ಚಿಕ್ಕಸ್ವಾಮಿಯ ತಲೆ ದಾಟಿ, ರೆಕ್ಕೆಯ ಉಬ್ಬಿನ ಮೇಲೆ ಜಾರಿ, ಆಮೇಲೆ ಧುಮುಕುವ ನೀರಿನಂತೆ ನೇರ ಕೆಳಗೆ, ರಸ್ತೆಯ ಮೇಲೆ ಬೀಳುತ್ತಿತ್ತು. ರೆಕ್ಕೆ ಗಾಳಿಯನ್ನು ಕೆಳಗೆ ತಳ್ಳುತ್ತಿದೆ. ಹಾಗಾದರೆ ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತಿದೆ. ಕಾರಿನ ಹಿಂದಿನ ಚಕ್ರಗಳಿಗೆ ನೆಲವೇ ಸಿಗುತ್ತಿಲ್ಲ. ನೆಲ ಸಿಗದ ಚಕ್ರ ತಿರುವಿನಲ್ಲಿ ಏನನ್ನು ಹಿಡಿದುಕೊಂಡೀತು? ಹಗುರವಾಗಬೇಕಾದ್ದಲ್ಲ, ಒತ್ತಬೇಕಾದ್ದು! ರೆಕ್ಕೆಯನ್ನು ತಲೆಕೆಳಗು ಮಾಡಬೇಕು.

"ಉಲ್ಟಾ! ಉಲ್ಟಾ!" ಎಂದು ಮೇಷ್ಟ್ರು ಶಿವಸ್ವಾಮಿಯ ಬೆನ್ನು ಗುದ್ದುತ್ತ ಕಿರುಚಿದರು.

ಶಿವಸ್ವಾಮಿ ಗಾಡಿ ತಿರುಗಿಸಲು ಹೇಳುತ್ತಿದ್ದಾರೆಂದು ತಿಳಿದು, ಹುರುಳಿಯ ಮೇಲೆ ಅರವತ್ತು ಮೈಲಿ ವೇಗದಲ್ಲಿ ಹ್ಯಾಂಡಲ್ ತಿರುಗಿಸಿದ. ಯೆಜ್ಡಿ ಒಂದು ಕಡೆ ಹೋಯಿತು. ಇಬ್ಬರೂ ಇನ್ನೊಂದು ಕಡೆ ಹಾರಿ, ರಸ್ತೆ ಪಕ್ಕ ಆಳೆತ್ತರ ಒಟ್ಟಿದ್ದ ಹುರುಳಿ ಸೊಪ್ಪಿನ ಮೆದೆಯೊಳಗೆ ಸೇರಿಕೊಂಡರು.

ಮೆದೆಯ ಒಡತಿ ಚನ್ನಾಜಮ್ಮ ಎಂಬ ಮುದುಕಿ ಕವೆಗೋಲು ಹಿಡಿದು ಓಡಿಬಂದಳು. ಸೊಪ್ಪನ್ನು ಸರಿಸಿ ನೋಡಿದರೆ ಮಂಕಿ ಟೋಪಿಯ ಮುಖವೊಂದು ನಗುತ್ತಿತ್ತು. "ಅಮ್ಮಾ, ಗಾಳಿ ಕಂಡಿತಮ್ಮಾ!" ಎಂದಿತು ಮುಖ.

"ಕಾಣ್ದೆ ಏನಪ್ಪ, ಅಂಗ್ ಬಿದ್ರೆ ಎಲ್ಲಾ ಕಾಣ್ತದೆ" ಎಂದು ಮುದುಕಿ ಒಂದು ಚೊಂಬು ನೀರು ತಂದುಕೊಟ್ಟಳು. ಪೆಟ್ಟು ಹೆಚ್ಚೇನೂ ಆಗಿರಲಿಲ್ಲ. ಶಿವಸ್ವಾಮಿಯ ಮೊಣಕೈ ತರಚಿತ್ತು, ಮೇಷ್ಟ್ರ ಕನ್ನಡಕದ ಒಂದು ಗಾಜು ಹುರುಳಿಯಲ್ಲಿ ಸೇರಿಹೋಯಿತು.

ಚಿಕ್ಕಸ್ವಾಮಿ ವಾಪಸ್ಸು ಬಂದು, "ಏನಾಯ್ತು ಸಾ, ಏನ್ ಕಂಡ್ರಿ?" ಎಂದು ಕೇಳಿದಾಗ ಮೇಷ್ಟ್ರು ಬಾಯಿ ತೆರೆದರು. 'ಎರಡು ತಿಂಗಳಿನಿಂದ ರೆಕ್ಕೆಯನ್ನು ತಪ್ಪಾಗಿ ಕೂರಿಸಿದ್ದೆ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಎದುರಿಗಿದ್ದವನ ಕಣ್ಣಿನಲ್ಲಿ ಇಂಥ ಗುರುಭಕ್ತಿ! ಹೊರಗೆ ಬಂದ ಮಾತೇ ಬೇರೆ. "ಮೊದಲನೇ ಹಂತ ಮುಗಿಯಿತಪ್ಪ. ಎರಡನೇ ಹಂತದಲ್ಲಿ ರೆಕ್ಕೆಯನ್ನ ತಿರುವಿ ಹಾಕಬೇಕು."

"ಎಲ್ಲಾ ಪ್ಲಾನ್ ಮಾಡ್ಕೊಂಡವ್ರೆ ಕಣ್ಲಾ" ಎಂದು ಚಿಕ್ಕಸ್ವಾಮಿ ಶಿವಸ್ವಾಮಿಗೆ ಹೇಳಿದ.

ರೆಕ್ಕೆ ತಲೆಕೆಳಗಾಯಿತು. ಎರಡು ತುದಿಗೂ ತಗಡಿನ ಕಿವಿಗಳು ಬಂದವು. ಮೂತಿಯ ಕೆಳಗೆ ಗಾಳಿ ನುಗ್ಗದಂತೆ ಹಳೇ ಟೈರಿನ ರಬ್ಬರ್ ಪಟ್ಟಿ ಜೋತುಬಿತ್ತು. ಮುಂದಿನ ಭಾನುವಾರ ಚಿಕ್ಕಸ್ವಾಮಿ ಹುಣಸೆಮರದ ತಿರುವನ್ನು ಎಪ್ಪತ್ತು ಮೈಲಿಯಲ್ಲಿ ದಾಟಿ ಹೋದ. ಗದ್ದೆಯ ಬದುವಿನ ಮೇಲೆ ರಂಗನಾಯಕ ಕೊಂಚ ಹೊತ್ತು ಕಾದು, ಬೇಸರದಿಂದ ಎದ್ದು ಹೋದ. ಚಿಕ್ಕಸ್ವಾಮಿ ವಾಪಸ್ಸು ಬಂದು ಕಾರಿನಿಂದಿಳಿದ. ಮೇಷ್ಟ್ರ ಕಾಲು ಮುಟ್ಟಲು ಬಗ್ಗಿದ. ಮೇಷ್ಟ್ರು ಕಾಲು ಹಿಂದಕ್ಕೆ ಎಳೆದುಕೊಂಡರು. ಅವತ್ತು ಅವರಿಗೆ ಊಟ ಸೇರಲಿಲ್ಲ.

ಈ ಮಧ್ಯೆ ನರಸೀಪುರಕ್ಕೆ ಸುದ್ದಿ ಮುಟ್ಟಿತ್ತು: ಬದರಿ ರೇಸಿಗೆ ಬಿದ್ದಿದ್ದಾನೆ, ಮದರಾಸಿಗೆ ಹೋಗುತ್ತಾನಂತೆ. ಅಪ್ಪ ಸೀತಾರಾಮಯ್ಯನವರು ನದೀ ದಂಡೆಯ ದೇವಸ್ಥಾನವೊಂದರ ಅರ್ಚಕರು, ಎಪ್ಪತ್ತರ ಮುದುಕರು. ರೇಸೆಂದರೆ ಅವರಿಗೆ ಗೊತ್ತಿದ್ದದ್ದು ಕುದುರೆ, ಜೂಜು, ಮನೆ ಹಾಳು. ಬೆಳಗಿನ ಪೂಜೆ ಮುಗಿಸಿ ಬಸ್ಸು ಹತ್ತಿ ನಂಜನಗೂಡಿಗೆ ಬಂದರು. ಮಗ ಮನೆಯಲ್ಲಿರಲಿಲ್ಲ. ಸೊಸೆ ಶೆಡ್ಡಿನ ದಾರಿ ತೋರಿಸಿದಳು.

ಶೆಡ್ಡಿನ ಬಾಗಿಲಲ್ಲಿ ಖಾಕಿ ಚಡ್ಡಿ ತೊಟ್ಟ ಮಗನನ್ನು ಕಂಡು ಅವರಿಗೆ ಇದ್ದ ಆಸೆಯೂ ಹೋಯಿತು. "ಕುದುರೆ ಎಲ್ಲಿದೆ?" ಎಂದು ನೇರವಾಗಿ ಕೇಳಿದರು.

ಸಹಾಯ ಮಾಡಲೆಂದು ಶಿವಸ್ವಾಮಿ ಮುಂದೆ ಬಂದ. "ಒಳ್ಗವೆ ಸ್ವಾಮಿ. ನಲವತ್ತೈದು ಕುದುರೆ."

ಮುದುಕರು ಅಲ್ಲೇ ಇದ್ದ ಟೈರಿನ ಮೇಲೆ ಕೂತುಬಿಟ್ಟರು.

ಎಂಜಿನ್ನಿನ ಶಕ್ತಿಯನ್ನು ಕುದುರೆಯ ಲೆಕ್ಕದಲ್ಲಿ ಹೇಳುತ್ತಾರೆಂದು ಬಿಡಿಸಿ ಹೇಳಿ, ಕಾರನ್ನು ತೋರಿಸಿದ ಮೇಲೆ ಅವರಿಗೆ ಉಸಿರು ಬಂತು. ಕಾರನ್ನು ಸುತ್ತಿ ನೋಡಿದರು. ರೆಕ್ಕೆಯ ಮೇಲಿದ್ದ 'ಹೆಂಗಸರಿಗೆ' ಎಂಬುದನ್ನು ತಲೆ ವಾರೆ ಮಾಡಿ ಓದಿದರು. ರೆಕ್ಕೆ ತಿರುವಿದ ಮೇಲೆ ಅಕ್ಷರವೂ ತಲೆಕೆಳಗಾಗಿತ್ತು.

"ಇದು ಯಾಕೆ?" ಎಂದು ಕೇಳಿದರು.

"ಗಾಳಿ ಇದನ್ನ ಕೆಳಗೆ ಒತ್ತುತ್ತಪ್ಪ. ಚಕ್ರ ನೆಲಕ್ಕೆ ಕಚ್ಚಿಕೊಳ್ಳುತ್ತೆ, ಜಾರೋಲ್ಲ" ಎಂದರು ಮೇಷ್ಟ್ರು.

"ಮೊದ್ಲು ಮೇಲ್ಮುಖ ಇತ್ತು ಸ್ವಾಮಿ. ಅದು ಒಂದನೇ ಹಂತ" ಎಂದು ಚಿಕ್ಕಸ್ವಾಮಿ ಉತ್ಸಾಹದಿಂದ ಸೇರಿಸಿದ.

"ಮೇಲ್ಮುಖ ಇದ್ದರೆ ಏನಾಗುತ್ತೆ?"

"ಕಾರನ್ನ ಎತ್ತುತ್ತೆ" ಎಂದರು ಮೇಷ್ಟ್ರು.

ಮುದುಕರು ಯೋಚಿಸಿದರು. ಅವರಿಗೆ ಏನೂ ಕುಹಕವಿರಲಿಲ್ಲ, ತಿಳಿದುಕೊಳ್ಳುವ ಆಸೆಯಷ್ಟೇ. "ಎತ್ತಿದರೆ ಈ ಮಗುವಿಗೆ ಅಪಾಯ ಅಲ್ಲವೇನೋ? ಅದನ್ನ ಯಾಕೆ ಮಾಡಿದೆ?"

ಮೇಷ್ಟ್ರು ಚಡ್ಡಿಯ ಹಗ್ಗದ ಗಂಟನ್ನು ಬಿಚ್ಚಿ ಕಟ್ಟಿದರು. ಆಮೇಲೆ ಚಿಕ್ಕಸ್ವಾಮಿಯ ಕಡೆ ತಿರುಗಿದರು.

"ಒಂದನೇ ಹಂತ, ಎರಡನೇ ಹಂತ ಅಂತೆಲ್ಲ ಏನೂ ಇಲ್ಲಪ್ಪ ಚಿಕ್ಕಸ್ವಾಮಿ. ನನಗೆ ಗೊತ್ತಿರಲಿಲ್ಲ. ತಪ್ಪು ಮಾಡಿದೆ. ನೀನು ಗದ್ದೆಗೆ ಬಿದ್ದಾಗಲೆಲ್ಲ ಬೀಳಿಸಿದವನು ನಾನು. ಗೊತ್ತಾದ ಮೇಲೂ ಹೇಳಲಿಲ್ಲ. ಅದು ಇನ್ನೂ ದೊಡ್ಡ ತಪ್ಪು."

ಚಿಕ್ಕಸ್ವಾಮಿ ಸ್ವಲ್ಪ ಹೊತ್ತು ರೆಕ್ಕೆಯನ್ನು, ಸ್ವಲ್ಪ ಹೊತ್ತು ಮೇಷ್ಟ್ರನ್ನು ನೋಡಿದ. "ಅಂದ್ರೆ ಇಷ್ಟ್ ದಿನ ನನ್ನ ಮ್ಯಾಲಕ್ಕೆ ಕಳಿಸ್ತಿದ್ರಾ ಸಾ?" ಎಂದ. ಅವನು ಸ್ಪಾನರನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ.

ಸೀತಾರಾಮಯ್ಯನವರು ಸಂಜೆಯ ಬಸ್ಸಿಗೆ ಹೊರಡುವಾಗ ಮಗನಿಗೆ ಬೇರೇನೂ ಹೇಳದೆ, "ಆ ಚಡ್ಡಿ ಮಾತ್ರ ಬೇಡ ಕಣೋ" ಎಂದರು.

ಮೂರು ದಿನ ಶೆಡ್ಡಿನ ಬಾಗಿಲು ಹಾಕಿತ್ತು. ಮೇಷ್ಟ್ರು ದಿನಾ ಶಾಲೆ ಬಿಟ್ಟ ಮೇಲೆ ಆ ಕಡೆ ನಡೆದು ಹೋಗಿ ಬೀಗ ನೋಡಿ ಬರುತ್ತಿದ್ದರು. ಹೆಮ್ಮರಗಾಲದ ಮನೆಯಲ್ಲಿ ಚಿಕ್ಕಸ್ವಾಮಿ ತಾಯಿ ಪುಟ್ಟಗೌರಮ್ಮನಿಗೆ ಎಲ್ಲವನ್ನೂ ಹೇಳಿದನಂತೆ. ಮಗ ಈ ಕಾರನ್ನು ಬಿಡಲಿ ಎಂದು ಎರಡು ವರ್ಷದಿಂದ ಕಂಡ ದೇವರಿಗೆಲ್ಲ ಕೈ ಮುಗಿದಿದ್ದ ಆಕೆ, ಬಿಡಲು ಇದೇ ಸಮಯವೆಂದು ಹೇಳಬಹುದಿತ್ತು. ಹೇಳಲಿಲ್ಲ. "ಇದ್ದದ್ದನ್ನ ಇದ್ದಂಗೆ ಯೋಳವ್ರೆ ಕಣ್ಲಾ, ಸಾಕು ಬುಡು. ಯೋಳ್ದೇ ಇರವ್ರ ಕೈಲಿ ಕಾರ್ ಕೊಟ್ರೆ ನಂಗೆ ಭಯ" ಎಂದಳು.

ನಾಲ್ಕನೆಯ ದಿನ ಮಧ್ಯಾಹ್ನ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಡಬ್ಬಿ ತೆರೆದಿದ್ದಾಗ ಕಿಟಕಿಯ ಸರಳುಗಳ ನಡುವೆ ಚಿಕ್ಕಸ್ವಾಮಿಯ ಮುಖ ಕಾಣಿಸಿತು.

"ಸಾ, ರೆಕ್ಕೆ ಎಷ್ಟು ಡಿಗ್ರಿ ಬಗ್ಗಿರ್ಬೇಕು?"

ಮೇಷ್ಟ್ರು ಡಬ್ಬಿ ಮುಚ್ಚಿ ಕಿಟಕಿಯ ಹತ್ತಿರ ಬಂದರು. "ಗೊತ್ತಿಲ್ಲಪ್ಪ" ಎಂದರು. "ಆರಕ್ಕೆ ಒಂದು ಸಲ, ಒಂಬತ್ತಕ್ಕೆ ಒಂದು ಸಲ, ಹನ್ನೆರಡಕ್ಕೆ ಒಂದು ಸಲ ಓಡಿಸಿ ನೋಡಬೇಕು."

"ಸರಿ, ಬನ್ನಿ ಮತ್ತೆ" ಎಂದ ಚಿಕ್ಕಸ್ವಾಮಿ.

ಒಂಬತ್ತೇ ಸರಿಯೆಂದು ತೀರ್ಮಾನವಾಯಿತು. ಹನ್ನೆರಡಕ್ಕೆ ಗಾಳಿ ಹಿಂದಕ್ಕೆಳೆದು ನೆಟ್ಟನೆಯ ರಸ್ತೆಯಲ್ಲಿ ವೇಗ ಇಳಿಯುತ್ತಿತ್ತು, ಆರಕ್ಕೆ ಬಾಲ ಅಲ್ಲಾಡುತ್ತಿತ್ತು. ಫೆಬ್ರವರಿಯಲ್ಲಿ ಕಾರನ್ನು ಲಾರಿಯ ಮೇಲೆ ಕಟ್ಟಿಕೊಂಡು ಮೂವರೂ ಹೊರಟರು. ಜಲಜಮ್ಮ ಎರಡು ದಿನಕ್ಕಾಗುವಷ್ಟು ಪುಳಿಯೋಗರೆ, ಚಕ್ಕುಲಿ ಕಟ್ಟಿಕೊಟ್ಟರು. ಶೋಲಾವರಂನಲ್ಲಿ ಕಾರು ತಪಾಸಣೆ ಮಾಡುವ ಅಧಿಕಾರಿ ರೆಕ್ಕೆಯನ್ನು ಹಿಡಿದು ಜಗ್ಗಿ ನೋಡಿದ. ಅದು ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಅದರ ಮೇಲಿನ ಅಕ್ಷರ ಏನೆಂದು ಕೇಳಿದ. ಶಿವಸ್ವಾಮಿ ಗಂಭೀರವಾಗಿ, "ಕಂಪನಿ ಹೆಸರು" ಎಂದ.

ಮುಖ್ಯ ರೇಸು ಮಧ್ಯಾಹ್ನ ಮೂರಕ್ಕೆ. ಹದಿನಾಲ್ಕು ಕಾರುಗಳು. ಬಾವುಟ ಬೀಳಲು ಐದು ನಿಮಿಷವಿದ್ದಾಗ, ಹೋದ ವರ್ಷ ತಲೆ ಅಲ್ಲಾಡಿಸಿ ಹೋಗಿದ್ದ ಅದೇ ಮದರಾಸಿ ಮೆಕ್ಯಾನಿಕ್ ಬಂದು, ರೆಕ್ಕೆಯ ತುದಿಗೆ ಕಿವಿ ಯಾಕೆ ಕಟ್ಟಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ಮೇಷ್ಟ್ರು ಬಾಯಿ ತೆರೆದರು. ರೆಕ್ಕೆಯ ಕೆಳಗಿನ ಗಾಳಿಗೂ ಮೇಲಿನ ಗಾಳಿಗೂ ಇರುವ ಒತ್ತಡದ ವ್ಯತ್ಯಾಸ, ತುದಿಯಲ್ಲಿ ಅದು ಸೋರುವ ಬಗೆ, ಸುಳಿ, ಹುರುಳಿ ಹೊಟ್ಟು, ಎಲ್ಲವನ್ನೂ ಹೇಳಿದರು. ಇಟ್ಟಿಗೆ ಚೂರಿನಲ್ಲಿ ಶೆಡ್ಡಿನ ಗೋಡೆಯ ಮೇಲೆ ಚಿತ್ರ ಬರೆದರು. ಮೆಕ್ಯಾನಿಕ್ ಪ್ರಶ್ನೆ ಕೇಳಿದ, ಅದಕ್ಕೂ ಚಿತ್ರ. ಎಲ್ಲೋ ದೂರದಲ್ಲಿ ಜನ ಕೂಗುತ್ತಿದ್ದದ್ದು ಇಬ್ಬರಿಗೂ ಕೇಳಿಸುತ್ತಿತ್ತು. ಯಾರೂ ತಿರುಗಿ ನೋಡಲಿಲ್ಲ.

ಶಿವಸ್ವಾಮಿ ಓಡಿಬಂದು ಮೇಷ್ಟ್ರ ರಟ್ಟೆ ಹಿಡಿದು ಅಲ್ಲಾಡಿಸಿದ. "ನೋಡಿದ್ರಾ ಸಾ? ಮೂರನೇ ತಿರುವಲ್ಲಿ ಒಳಗಿಂದ ಇಬ್ಬರನ್ನ ಒಟ್ಟಿಗೆ ಇಂದಕ್ಕಾಕ್ದ! ನೋಡಿದ್ರಾ?"

"ಶುರು ಆಯಿತೇನು?" ಎಂದರು ಮೇಷ್ಟ್ರು.

ಮುಗಿದೇ ಹೋಗಿತ್ತು. ಹದಿನಾಲ್ಕರಲ್ಲಿ ಚಿಕ್ಕಸ್ವಾಮಿ ಆರನೆಯವನು. ಒಂದು ಸಲವೂ ಸುತ್ತಿರಲಿಲ್ಲ. ಹೆಲ್ಮೆಟ್ ತೆಗೆದು, ಬೆವರಿನಲ್ಲಿ ತೊಯ್ದ ಮುಖದಲ್ಲೇ ಬಂದು ಮೇಷ್ಟ್ರನ್ನು ಅನಾಮತ್ತು ಎತ್ತಿಕೊಂಡ. "ಇಳಿಸಪ್ಪಾ, ಇಳಿಸು" ಎಂದು ಮೇಷ್ಟ್ರು ಕೈಕಾಲು ಬಡಿದರು.

ಚಿಕ್ಕಸ್ವಾಮಿ ಇನ್ನೂ ಎರಡು ವರ್ಷ ಓಡಿದ. ಒಮ್ಮೆ ಐದನೆಯವನಾದ, ಒಮ್ಮೆ ಎಂಜಿನ್ ಸಿಡಿಯಿತು. ದೇವನೂರಿನ ಹುಡುಗಿಯನ್ನು ಮದುವೆಯಾದ ಮೇಲೆ ಕಾರನ್ನು ಕೊಯಮತ್ತೂರಿನವರೊಬ್ಬರಿಗೆ ಮಾರಿ ಟ್ರಾಕ್ಟರ್ ತಂದ. ಬದರೀನಾರಾಯಣ ಮೇಷ್ಟ್ರು 1984ರಲ್ಲಿ ಹೆಡ್‌ಮಾಸ್ಟರಾಗಿ ನರಸೀಪುರಕ್ಕೆ ವರ್ಗವಾದರು. ಅಷ್ಟರಲ್ಲಿ ಶಿವಸ್ವಾಮಿಯನ್ನು ಕೂಡಿಸಿಕೊಂಡು ಹೊಸದೊಂದಕ್ಕೆ ಕೈ ಹಾಕಿದ್ದರು. ಲಾರಿಗಳ ಕ್ಯಾಬಿನ್ ಮೇಲೆ ಇಳಿಜಾರಾದ ತಗಡಿನ ಹಲಗೆಯೊಂದನ್ನು ಕೂರಿಸಿದರೆ, ಎದುರುಗಾಳಿ ಲೋಡಿ‌ಗೆ ಬಡಿಯದೆ ಮೇಲೆ ಜಾರಿ ಹೋಗಿ ಡೀಸೆಲ್ ಉಳಿಯುತ್ತದೆ ಎಂಬುದು ಅವರ ವಾದ. ನರಸೀಪುರದಿಂದ ಮೈಸೂರಿಗೆ ಭತ್ತ ಹೊಡೆಯುವ ನಾಲ್ಕು ಲಾರಿಗಳು ಅದನ್ನು ಹಾಕಿಸಿಕೊಂಡವು. ಮಾಲೀಕರು ಅದರ ಮೇಲೆ ಮನೆದೇವರ ಚಿತ್ರ ಬರೆಸಿದರು. ಅದರಿಂದ ಗಾಳಿಗೆ ತೊಂದರೆಯಿಲ್ಲವೆಂದು ಮೇಷ್ಟ್ರು ಒಪ್ಪಿದರು.

ಒಂದು ದಿನ ಶಾಲೆಗೆ ಹೋಗುವಾಗ ಬಸ್ ಸ್ಟ್ಯಾಂಡಿನ ಹತ್ತಿರ ಅಂಥದ್ದೊಂದು ಲಾರಿ ನಿಂತಿತ್ತು. ಹಲಗೆಯ ಹಿಂದಿನ ಪೊಳ್ಳಿನಲ್ಲಿ ಬಿದಿರಿನ ಬುಟ್ಟಿಗಳು, ಮೇಲೆ ತೂತಿನ ಬಲೆ. ಮೇಷ್ಟ್ರು ಕೊಡೆ ಮಡಚಿ ಡ್ರೈವರ್ ನಂಜುಂಡನನ್ನು ಕೆಳಗೆ ಕರೆದರು. ಹಲಗೆ ದಾಟಿ ಬಂದ ಗಾಳಿ ಹಿಂದೆ ನುಣ್ಣಗೆ ಇಳಿಯಬೇಕು, ಅಲ್ಲಿ ಬುಟ್ಟಿ ಚಾಚಿಕೊಂಡಿದ್ದರೆ ಸುಳಿ ಏಳುತ್ತದೆ, ಸುಳಿ ಎದ್ದರೆ ಅದು ಲಾರಿಯನ್ನು ಹಿಂದಕ್ಕೆ ಎಳೆಯುತ್ತದೆ, ಉಳಿದ ಡೀಸೆಲೆಲ್ಲ ಅಲ್ಲೇ ಹೋಗುತ್ತದೆ ಎಂದು ಬಿಸಿಲಿನಲ್ಲಿ ನಿಂತು ಕಾಲು ಗಂಟೆ ಬಿಡಿಸಿ ಹೇಳಿದರು. ನಂಜುಂಡ ಕೈಕಟ್ಟಿ, ತಲೆದೂಗುತ್ತ, ಪೂರ್ತಿ ಕೇಳಿದ.

"ಅರ್ಥ ಆಯ್ತು ಸಾ, ಎಲ್ಲಾ ಅರ್ಥ ಆಯ್ತು" ಎಂದ. "ಕೋಳಿ ಎಲ್ಲಿ ಇಡಾನ, ಅದ್ನೊಂದು ಯೋಳಿ."